ಹೊಳೆದಂಡೆಯ ಐದು ಭಾನುವಾರ

ತಾನು ಸುಣ್ಣ ಬಳಿದು ಗುರುತು ಮಾಡಿಟ್ಟಿದ್ದ ಕಲ್ಲುಗಳ ನಡುವೆ ಯಾರೋ ಹೆಣ್ಣುಮಗಳು ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದುದನ್ನು ಕಂಡು ಯಂಕೋಬ ಸೈಕಲ್ಲಿನಿಂದ ಇಳಿದ.

ಅದು ೧೯೮೧ರ ನವೆಂಬರ್ ತಿಂಗಳ ಒಂದು ಭಾನುವಾರ. ಗಂಗಾವತಿಯ ಆಚೆ, ತುಂಗಭದ್ರೆಯ ದಂಡೆಯ ಹುಣಸೆ ತೋಪು. ಯಂಕೋಬ ಕುಷ್ಟಗಿಯ ಸಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ, ಸ್ಕೌಟ್ ಹುಡುಗರ ಹೊಣೆಯೂ ಅವನದೇ. ಸಂಕ್ರಾಂತಿಯ ಹೊತ್ತಿಗೆ ಹುಡುಗರನ್ನು ನಾಲ್ಕು ದಿನ ಡೇರೆಯಲ್ಲಿ ಇರಿಸಬೇಕಿತ್ತು. ಬಾಡಿಗೆ ಕೇಳದ, ಯಾರ ಹೊಲವೂ ಅಲ್ಲದ, ನೀರು ನೆರಳು ಎರಡೂ ಇರುವ ಜಾಗ ನೀವೇ ಹುಡುಕಿಕೊಳ್ಳಿ ಎಂದು ಹೆಡ್‌ಮಾಸ್ತರರು ಹೇಳಿ ಸುಮ್ಮನಾಗಿದ್ದರು.

ಆಕೆ ಅವನನ್ನು ನೋಡಿದಳು. ನೋಡಿಯೂ ಎಣಿಕೆ ಬಿಡಲಿಲ್ಲ. ಸ್ವಲ್ಪ ತಡೆಯಿರಿ ಎಂಬಂತೆ ಒಂದು ಬೆರಳೆತ್ತಿ, ನಲವತ್ತಕ್ಕೆ ಮುಗಿಸಿ, ಆಮೇಲೆ ತಿರುಗಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. ಆ ಕಿರಿದಾದ ಕಣ್ಣಲ್ಲೇ ಅವನ ಪ್ಯಾಂಟಿಗೆ ಹತ್ತಿದ್ದ ಸುಣ್ಣದ ಕಲೆ ನೋಡಿ, ಕಲ್ಲಿನ ಸುಣ್ಣ ನೋಡಿ, ನಗು ತಡೆದುಕೊಂಡಳು.

ಜಾಗ ತನ್ನದು, ಹದಿನೈದು ದಿನದ ಹಿಂದೆಯೇ ಗುರುತು ಹಾಕಿದ್ದೇನೆ ಎಂದು ಯಂಕೋಬ ಆದಷ್ಟು ಮರ್ಯಾದೆಯಿಂದ ಹೇಳಿದ.

“ಹೊಳಿ ದಂಡಿಗೆ ಸುಣ್ಣ ಹಚ್ಚಿದ್ರ ನಿಮ್ಮದಾಗ್ತೈತೇನ್ರಿ ಮಾಸ್ತರ್ರ?” ಎಂದಳು ಆಕೆ. “ಹಂಗಾದ್ರ ನಾನೂ ಒಂದು ಡಬ್ಬಿ ತರ್ತಿದ್ನಿ.”

ಆಕೆಯ ಹೆಸರು ಹುಲಗೆಮ್ಮ. ಯಲಬುರ್ಗಾದ ಹೆಣ್ಣುಮಕ್ಕಳ ಸಾಲೆಯಲ್ಲಿ ಟೀಚರ್. ಗೈಡ್ಸ್ ಹುಡುಗಿಯರ ಡೇರೆಗೆ ಜಾಗ ನೋಡಲು ಬಂದಿದ್ದಳು. ಜೊತೆಗೆ ಸಾಲೆಯ ಆಯಾ ಕಸ್ತೂರೆಮ್ಮ ಇದ್ದಳು. ಕೊಡೆಯ ನೆರಳಲ್ಲಿ ಕೂತು ಮಂಡಕ್ಕಿ ತಿನ್ನುತ್ತ ಇಬ್ಬರ ವಾದವನ್ನೂ ಕೇಳುತ್ತಿದ್ದಳು.

ವಾದ ಬೆಳೆಯಿತು. ಅವನು ನೆರಳಿನ ಲೆಕ್ಕ ಹೇಳಿದ, ಆಕೆ ನೀರಿನ ದೂರ ಹೇಳಿದಳು. ಕಟ್ಟಿಗೆ ಹೊರೆ ಹೊತ್ತು ಹೊರಟಿದ್ದ ಹೊಳಿಯಮ್ಮ ಎಂಬ ಮುದುಕಿ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

“ಇಬ್ಬರೂ ಸಾಲಿ ಕಲಿಸೋರಿದ್ದಂಗ ಅದೀರಿ. ಮದ್ಲ ಕಾಲಾಗ ಏನೈತಿ ನೋಡ್ಕೋರಿ.”

ಸುಣ್ಣದ ಕಲ್ಲಿನ ಪಕ್ಕದಲ್ಲೇ ಕಪ್ಪನೆಯ ಲದ್ದಿ ಬಿದ್ದಿತ್ತು, ಅದರ ತುಂಬ ಬೋರೆಹಣ್ಣಿನ ಬೀಜ. ಬೋರೆಹಣ್ಣಿನ ಕಾಲದಲ್ಲಿ ಕರಡಿಗಳು ಗುಡ್ಡದಿಂದಿಳಿದು ಈ ತೋಪು ಹಾದೇ ನೀರಿಗೆ ಬರುತ್ತವೆ, ಯುಗಾದಿವರೆಗೂ ಅವುಗಳದ್ದೇ ದಾರಿ ಎಂದು ಮುದುಕಿ ತಿಳಿಸಿ ಹೋದಳು. ಇಬ್ಬರೂ ಒಟ್ಟಿಗೇ ಎರಡು ಹೆಜ್ಜೆ ಹಿಂದೆ ಸರಿದರು. ಹಾಗೆ ಸರಿದದ್ದಕ್ಕೆ ಒಬ್ಬರನ್ನೊಬ್ಬರು ನೋಡಿ ನಕ್ಕುಬಿಟ್ಟರು.

ಡಿಸೆಂಬರ್ ಹದಿನಾಲ್ಕರ ಸೋಮವಾರದೊಳಗೆ ಸ್ಕೌಟ್-ಗೈಡ್ಸ್ ಕಚೇರಿಗೆ ಜಾಗದ ಹೆಸರು ಬರೆದು ಕಳಿಸಬೇಕಿತ್ತು. ಇಬ್ಬರಿಗೂ ಒಂದೇ ಗಡುವು, ಒಂದೇ ಹೊಳೆ. ಭಾನುವಾರ ಬಿಟ್ಟರೆ ಬೇರೆ ಬಿಡುವೂ ಇಲ್ಲ. ಬೇರೆ ಬೇರೆ ಅಲೆಯುವ ಬದಲು ಕೂಡಿಯೇ ಹುಡುಕಿದರಾಯಿತು ಎಂದು ಹುಲಗೆಮ್ಮ ಟಾಂಗಾ ಹತ್ತುವಾಗ ಯಾರು ಮೊದಲು ಹೇಳಿದರೋ, ಮುಂದೆ ಇಬ್ಬರಿಗೂ ನೆನಪಾಗಲಿಲ್ಲ.

ಮುಂದಿನ ಭಾನುವಾರಕ್ಕೆ ಯಂಕೋಬ ಶನಿವಾರವೇ ಬಂದು ಗಂಗಾವತಿಯ ಗೆಳೆಯನ ಮನೆಯಲ್ಲಿ ಉಳಿದಿದ್ದ. ಬೆಳಗಿನ ತಂಪಿಗೆ ಸೈಕಲ್ ತೆಗೆದುಕೊಂಡು ಒಬ್ಬನೇ ಹೊಳೆಗುಂಟ ಹೋದ. ಹರಿಗೋಲು ಹಾಕುವ ಹುಸೇನಪ್ಪ ತೋರಿಸಿದ ಕಾಲುದಾರಿಯಲ್ಲಿ ಎರಡು ದೊಡ್ಡ ಬಂಡೆಗಳ ಸಂದಿ ದಾಟಿದರೆ, ಅಲ್ಲಿ ಜಾಗ ಇತ್ತು.

ಮೂರು ಕಡೆ ಬಂಡೆ, ಗಾಳಿ ಒಳಗೆ ಬರದು. ನಡುವೆ ಆರು ಹೊಂಗೆ ಮರ. ಹೊಳೆಯಿಂದ ಕವಲೊಡೆದ ಮೊಣಕಾಲುದ್ದದ ತಿಳಿನೀರು. ಕೂಗಿದರೆ ಕೇಳುವಷ್ಟು ದೂರದಲ್ಲಿ ಊರು. ಎಲ್ಲಕ್ಕಿಂತ ಮೇಲಾಗಿ, ನೀರಿನಂಚಿಗೆ ಒಂದು ಕಲ್ಲುಗೋಡೆ. ಹುಡುಗಿಯರಿಗೆ ಸ್ನಾನಕ್ಕೆ ಮರೆ ಬೇಕು, ಗಂಡಸರು ಅದನ್ನು ಯೋಚಿಸುವುದೇ ಇಲ್ಲ ಎಂದು ಹುಲಗೆಮ್ಮ ಹೋದ ವಾರ ಹೇಳಿದ್ದಳು. ಆಕೆ ಕೇಳಿದ್ದೆಲ್ಲ ಇಲ್ಲಿತ್ತು.

ಈ ಜಾಗ ಯಾರಿಗೂ ಹೇಳಬೇಡ, ನಾನು ಬರುತ್ತೇನೆ ಎಂದು ಹುಸೇನಪ್ಪನಿಗೆ ಹೇಳಿ, ಯಂಕೋಬ ಸೈಕಲ್ ತುಳಿಯುತ್ತ ಬಸ್ ಸ್ಟ್ಯಾಂಡಿಗೆ ಬಂದ. ಖುಷಿಯ ಸುದ್ದಿ ಹೇಳಬೇಕೆಂದೇ ಬಂದಿದ್ದ. ಬಸ್ಸಿನಿಂದ ಹುಲಗೆಮ್ಮ ಇಳಿದಳು. ಸೆರಗಿಗೆ ಹತ್ತಿದ್ದ ಶೇಂಗಾ ಸಿಪ್ಪೆ ಕೊಡವಿಕೊಂಡಳು, ತಲೆ ಎತ್ತಿದಳು, ಅವನನ್ನು ಕಂಡಳು. ಕಂಡ ಕೂಡಲೇ ಮುಖದಲ್ಲಿ ಮೂಡಿದ್ದನ್ನು ಮರೆಮಾಚಲು ಚೀಲದಲ್ಲಿ ಏನೋ ಹುಡುಕತೊಡಗಿದಳು. ಏನಾದರೂ ಸಿಕ್ಕಿತೇ ಎಂದು ಚೀಲದೊಳಗೇ ಕಣ್ಣಿಟ್ಟು ಕೇಳಿದಳು.

“ಇಲ್ರಿ,” ಎಂದ ಯಂಕೋಬ. ಬಾಯಿ ತಾನಾಗಿ ಹೇಳಿತು. ಜಾಗ ಸಿಕ್ಕರೆ ಮುಂದಿನ ಭಾನುವಾರ ಇರುವುದಿಲ್ಲ ಎಂಬುದಷ್ಟೇ ಆಗ ಅವನಿಗೆ ತಿಳಿದಿದ್ದು.

ಹೀಗೆ ಮೂರು ಭಾನುವಾರ ಹೋದವು. ಮುಳ್ಳುಕಂಟಿಯ ಗುಡ್ಡ ನೋಡಿದರು, ಹಾಳುಮಂಟಪ ನೋಡಿದರು, ಕೆಸರಿನ ನಡುಗಡ್ಡೆಗೆ ಹೋಗಿ ಕಸ್ತೂರೆಮ್ಮನ ಒಂದು ಚಪ್ಪಲಿ ಕಳೆದರು. ಚಿಟಿಕೆ ಮಣ್ಣು ಕೈಯಿಂದ ಬಿಟ್ಟು ಗಾಳಿ ಯಾವ ಕಡೆ ಬೀಸುತ್ತದೆ ಎಂದು ತಿಳಿಯುವುದನ್ನು ಅವನು ಕಲಿಸಿದ. ಆಕೆ ಮಣ್ಣು ಬಿಟ್ಟಳು, ಅದು ಹಾರಿ ನೇರ ಅವನ ಕಣ್ಣಿಗೇ ಬಿತ್ತು. ಸೆರಗಿನ ತುದಿ ಬಾಯಿಯ ಉಸಿರಿನಲ್ಲಿ ಬೆಚ್ಚಗೆ ಮಾಡಿ ಅವನ ಕಣ್ಣಿಗೆ ಒತ್ತಿದಳು. ಆಮೇಲೆ ಇಬ್ಬರೂ ಬೇಕಿಲ್ಲದ ಮಾತುಗಳನ್ನು ಬಹಳ ಆಡಿದರು.

ನಾಲ್ಕನೇ ಭಾನುವಾರ ನವಲಿಯ ಕಡೆ ಕಾಲುವೆ ಪಕ್ಕದ ಒಂದು ಮಾವಿನ ತೋಪು ನೋಡಿದರು. ಕುಡಿಯುವ ನೀರಿತ್ತು, ಊರು ಹತ್ತಿರವಿತ್ತು. ಇಲ್ಲಿ ಸೊಳ್ಳೆ ಬಹಳ ಎಂದು ಹುಲಗೆಮ್ಮ ಬೇಡವೆಂದಳು. ಬರುವಾಗ ಬಸ್ಸಿನಲ್ಲಿ, ಸಿಂಧನೂರಿನ ಕಡೆಯ ಒಂದು ಮನೆತನ ತನ್ನನ್ನು ಕೇಳಿದೆ, ನೌಕರಿ ಬಿಡಬೇಕಂತೆ, ಅಣ್ಣ ವಿರುಪಣ್ಣ ಇನ್ನೂ ಉತ್ತರ ಕೊಟ್ಟಿಲ್ಲ ಎಂದು ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು. ಯಂಕೋಬ ಏನಾದರೂ ಹೇಳಬೇಕಿತ್ತು. ಹತ್ತಿ ಹೊಲಗಳನ್ನು ನೋಡುತ್ತ ಕೂತ.

ಐದನೇ ಭಾನುವಾರ, ಡಿಸೆಂಬರ್ ಹದಿಮೂರು. ಹುಲಗೆಮ್ಮನ ಮುಖದಲ್ಲಿ ನಗುವಿರಲಿಲ್ಲ. ಶುಕ್ರವಾರ ಹುಡುಗಿಯರಿಗೆಲ್ಲ ಡೇರೆ ಆಗಲಿಕ್ಕಿಲ್ಲ ಎಂದು ಹೇಳಿ ಬಂದಿದ್ದಳು. ಹದಿನಾಲ್ಕು ಹುಡುಗಿಯರು, ಮನೆ ಬಿಟ್ಟು ಒಂದು ರಾತ್ರಿ ಹೊರಗೆ ಇದ್ದವರಲ್ಲ. ಪಕೀರಮ್ಮ ಎಂಬವಳ ತಾಯಿ ಹಳೆಯ ಕೌದಿ ಕತ್ತರಿಸಿ ಮಗಳಿಗೆ ಹಾಸಿಗೆ ಚೀಲ ಹೊಲಿದಿಟ್ಟಿದ್ದಳಂತೆ. ಡೇರೆ ಇಲ್ಲವೆಂದು ಕೇಳಿ ಆ ಹುಡುಗಿ ಅತ್ತುಬಿಟ್ಟಳಂತೆ.

ಇನ್ನು ತಡೆಯಬಾರದು, ಇವತ್ತೇ ಕರೆದೊಯ್ದು ತೋರಿಸಿಬಿಡಬೇಕು ಎಂದು ಯಂಕೋಬ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದ. ಆದರೆ ಅವನಿಗಿಂತ ಮೊದಲು ಹುಸೇನಪ್ಪ ಹರಿಗೋಲಿನ ಬಳಿಯಿಂದ ಕೈ ಎತ್ತಿದ.

“ಆ ಬಂಡಿ ಸಂದ್ಯಾಗಿನ ಜಾಗ ನಿಮಗಂತ ಕಾದಿಟ್ಟೀನ್ರಿ ಮಾಸ್ತರ್ರ. ಮೂರು ವಾರಾತು, ಬರ್ತೀನಂತ ಹೋದೋರು ಈ ಕಡಿ ಹಾಯಲೇ ಇಲ್ಲಲ್ರಿ.”

ಹುಲಗೆಮ್ಮ ಯಂಕೋಬನನ್ನು ನೋಡಿದಳು. ಹುಸೇನಪ್ಪ ಕೈ ತೋರಿಸಿದ ಬಂಡೆಗಳ ಸಂದಿಯಲ್ಲಿ ನಡೆದಳು. ಹೊಂಗೆ ಮರ, ತಿಳಿನೀರು, ಕಲ್ಲುಗೋಡೆ ಎಲ್ಲ ನೋಡಿ ತಿರುಗಿ ಬಂದಳು.

“ಯಾಕ ಮುಚ್ಚಿಟ್ರಿ?”

“ಜಾಗ ಸಿಕ್ರ ನೀವು ಬರೂದಿಲ್ಲಲ್ರಿ,” ಎಂದ ಅವನು. “ತಪ್ಪು ನಂದ ಐತಿ.”

“ನನ್ನ ಸಂಗಾಟ ಆಟ ಆಡಿದ್ರ ನಕ್ಕೋಂತ ಬಿಡ್ತಿದ್ನಿ. ಆ ಹುಡಿಗಿ ಕಣ್ಣೀರಿಗೆ ಏನ್ ಹೇಳ್ಳಿ?”

ಆಕೆ ಕಸ್ತೂರೆಮ್ಮನ ಕೈ ಹಿಡಿದು ಟಾಂಗಾದ ಕಡೆ ಹೊರಟಳು. ಜಾಗ ನಿಮ್ಮ ಹುಡುಗಿಯರದೇ, ನಾನು ಬೇರೆ ನೋಡಿಕೊಳ್ಳುತ್ತೇನೆ ಎಂದು ಅವನು ಹಿಂದಿನಿಂದ ಹೇಳಿದ್ದು ಕೇಳಿಸಿತು. ಆಕೆ ತಿರುಗಲಿಲ್ಲ. ಆದರೆ ಮರುದಿನ ಆ ಜಾಗದ ಹೆಸರನ್ನೇ ಬರೆದು ಕಳಿಸಿದಳು.

ಸಂಕ್ರಾಂತಿಯ ಹೊತ್ತಿಗೆ ಹದಿನಾಲ್ಕು ಹುಡುಗಿಯರು ಹೊಳೆದಂಡೆಗೆ ಬಂದಿಳಿದರು. ಜಾಗದಲ್ಲಿ ಒಂದು ಮುಳ್ಳೂ ಇರಲಿಲ್ಲ. ಒಲೆಗೆ ಕಲ್ಲು ಹೂಡಿತ್ತು, ನೀರಿಗಿಳಿಯಲು ಚಪ್ಪಡಿ ಜೋಡಿಸಿತ್ತು. ಕುಷ್ಟಗಿ ಮಾಸ್ತರರು ಹಿಂದಿನ ದಿನ ಒಬ್ಬರೇ ಬಂದು ಸಂಜೆವರೆಗೆ ದುಡಿದು ಹೋದರೆಂದು ಹುಸೇನಪ್ಪ ಹೇಳಿದ. ಏನಾದರೂ ಹೇಳಿಹೋದರೇ ಎಂದು ಹುಲಗೆಮ್ಮ ಕೇಳಿದಳು. ಏನೂ ಹೇಳಲಿಲ್ಲವಂತೆ.

ಮೂರನೇ ದಿನ ಪಕೀರಮ್ಮ ನೀರಿನಲ್ಲಿ ಕೈಕಾಲು ಬಡಿಯುತ್ತ ಇದ್ದಬದ್ದವರನ್ನೆಲ್ಲ ತೋಯಿಸುತ್ತಿದ್ದಳು. ಬಂಡೆಯ ಮೇಲೆ ಕೂತ ಹುಲಗೆಮ್ಮನಿಗೆ ನಗು ಬಂತು. ನಕ್ಕ ಮೇಲೆ ಪಕ್ಕಕ್ಕೆ ತಿರುಗಿದಳು, ಯಾರಿಗೋ ತೋರಿಸುವಂತೆ. ಪಕ್ಕದಲ್ಲಿ ಕಸ್ತೂರೆಮ್ಮ ಇದ್ದಳು.

“ಒಂದು ಮಾತು ಹೇಳ್ಳೇನ್ರಿ ಟೀಚರ್ರ? ನವಲಿ ತೋಪಿನ್ಯಾಗ ಸೊಳ್ಳಿ ಅದಾವ ಅಂದ್ರಿ. ನನಗ ಒಂದೂ ಕಡೀಲಿಲ್ಲ.”

ಹುಲಗೆಮ್ಮ ನೀರನ್ನೇ ನೋಡಿದಳು. ಕಿವಿಯವರೆಗೂ ಕೆಂಪಾದಳು. ಸೊಳ್ಳೆ ಇರಲಿಲ್ಲ. ಆ ಜಾಗಕ್ಕೆ ಹ್ಞೂಂ ಎಂದಿದ್ದರೆ ಐದನೇ ಭಾನುವಾರ ಇರುತ್ತಿರಲಿಲ್ಲ, ಪಕೀರಮ್ಮ ಅಳಬೇಕಾಗಿಯೂ ಇರಲಿಲ್ಲ. ಅವನ ಮೇಲೆ ಹೊರಿಸಿದ್ದರಲ್ಲಿ ತನ್ನ ಪಾಲೂ ಇತ್ತು ಎಂಬುದು ಮೊದಲ ಬಾರಿಗೆ ಮನಸ್ಸಿಗೆ ಬಂತು.

ಮರುದಿನ ಹುಡುಗಿಯರನ್ನು ಡೇರೆಗೆ ಬಂದಿದ್ದ ಇನ್ನಿಬ್ಬರು ಟೀಚರುಗಳ ಜೊತೆ ಊರಿನ ಬಸ್ಸಿಗೆ ಹತ್ತಿಸಿ, ಕಸ್ತೂರೆಮ್ಮನೊಂದಿಗೆ ಕುಷ್ಟಗಿಯ ಬಸ್ಸು ಹಿಡಿದಳು.

ಸ್ಕೌಟ್ ಹುಡುಗರ ಡೇರೆ ಊರಾಚೆಯ ಕೆರೆಯ ಏರಿಯ ಕೆಳಗಿತ್ತು. ನೆರಳಿಲ್ಲದ, ಗಾಳಿಗೆ ಬಯಲಾದ ಜಾಗ. ಹುಡುಗರು ಕೆರೆಗೆ ಹೋಗಿದ್ದರು. ಯಂಕೋಬ ಒಬ್ಬನೇ ಅಡುಗೆ ಡೇರೆಯ ಕಂಬವನ್ನು ಎರಡೂ ಕೈಯಿಂದ ತಬ್ಬಿ ನಿಂತಿದ್ದ. ಗೂಟ ಕಿತ್ತುಬಂದಿತ್ತು, ಕೈ ಬಿಟ್ಟರೆ ಡೇರೆ ಅನ್ನದ ಪಾತ್ರೆಯ ಮೇಲೆ ಬೀಳುತ್ತಿತ್ತು. ಆಕೆಯನ್ನು ಕಂಡು ನಮಸ್ಕಾರ ಮಾಡಲೂ ಆಗದೆ, ಕೆದರಿದ ಕೂದಲು ಸರಿಮಾಡಿಕೊಳ್ಳಲೂ ಆಗದೆ ನಿಂತ.

ಹುಲಗೆಮ್ಮ ಎದುರಿಗೆ ಬಂದು ನಿಂತಳು. ಅವನು ಎಲ್ಲಿಗೂ ಹೋಗುವಂತಿರಲಿಲ್ಲ. ಅದು ಆಕೆಗೆ ಅನುಕೂಲವೇ ಆಯಿತು.

“ನವಲಿಯಾಗ ಸೊಳ್ಳಿ ಇರ್ಲಿಲ್ಲ,” ಎಂದಳು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕಂಬ ವಾಲಿತು. ಆಕೆಯೂ ಕೈ ಹಾಕಿ ಹಿಡಿದಳು. ನಾಲ್ಕು ಕೈ ಒಂದೇ ಕಂಬದ ಮೇಲೆ.

“ಸಿಂಧನೂರಿನವರಿಗೆ ಒಲ್ಲೆ ಅಂತ ಡೇರೆಗೆ ಬರೂ ಮದ್ಲ ಅಣ್ಣಗ ಹೇಳಿ ಬಂದೀನಿ,” ಎಂದಳು ಹುಲಗೆಮ್ಮ, ಅವನ ಕಣ್ಣಲ್ಲೇ ಕಣ್ಣಿಟ್ಟು. “ನೀವು ಬರೂ ಐತವಾರ ನಮ್ಮ ಮನಿಗೆ ಬರ್ರಿ. ಜಾಗ ನೋಡಾಕ ಬಂದೆ, ಗೀಗ ನೋಡಾಕ ಬಂದೆ ಅನ್ನಬ್ಯಾಡ್ರಿ. ಯಾಕ ಬಂದೀರಿ ಅದನ್ನ ಹೇಳ್ರಿ.”

ಬರುತ್ತೇನೆ ಎಂದ ಯಂಕೋಬ. ಕಸ್ತೂರೆಮ್ಮ ಆಗಲೇ ಕಲ್ಲು ತಂದು ಗೂಟ ಬಡಿಯಲು ಕೂತಿದ್ದಳು, ಬೇಕೆಂದೇ ನಿಧಾನವಾಗಿ.

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಬನ್ನಿ ಎಂದು ಆಕೆ ಹೇಳಿದ್ದಳು. ಅವನು ಬೆಳಗಿನ ಮೊದಲ ಬಸ್ಸಿಗೇ ಬಂದ. ಯಲಬುರ್ಗಾದ ಬೀದಿಯಲ್ಲಿ ಆಗಿನ್ನೂ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರು. ಬಾಗಿಲು ತೆರೆದ ವಿರುಪಣ್ಣನ ಅರ್ಧ ಮುಖಕ್ಕೆ ಸೋಪಿನ ನೊರೆ ಇತ್ತು, ಕೈಯಲ್ಲಿ ರೇಜರ್.

ಕಲಿತು ಬಂದ ಮಾತೆಲ್ಲ ಯಂಕೋಬನಿಗೆ ಮರೆತುಹೋಯಿತು.

“ನಿಮ್ಮ ತಂಗೀನ್ನ ಕೇಳಾಕ ಬಂದೀನ್ರಿ,” ಎಂದ. “ನೌಕರಿ ಬಿಡೂದು ಬ್ಯಾಡ.”

ವಿರುಪಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಒಳಗಿನ ಕಡೆ ತಿರುಗಿದ, ಉತ್ತರ ಅಲ್ಲಿಂದಲೇ ಬರಬೇಕು ಎಂಬಂತೆ.

ಅಡುಗೆಮನೆಯಿಂದ ಬಳೆಯ ಸದ್ದಿನ ಜೊತೆ ಹುಲಗೆಮ್ಮನ ದನಿ ಬಂತು.

“ಒಳಗ ಕರಿ ಅಣ್ಣಾ. ಚಾ ಆಗೇತಿ.”