ಬೆಳ್ಳಿಕೋಲು ಹೇಳಿದ್ದೇ ನೀರು

ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟದ ಕಾಲದಲ್ಲಿ ಏಳುಕೊಳಪುರ ಎಂಬ ರಾಜ್ಯವಿತ್ತು. ಅದರ ಪಟ್ಟಣಕ್ಕೆ ಕುಡಿಯುವ ನೀರು ಗುಡ್ಡದ ಮೇಲಿನ ಕಲ್ಲುತೊಟ್ಟಿಯಿಂದ ಇಳಿಯಬೇಕಿತ್ತು. ತೊಟ್ಟಿಯ ಗೋಡೆಗೆ ಗೆರೆ ಕೊರೆದ ಬೆಳ್ಳಿಕೋಲು ನೆಟ್ಟಿದ್ದರು. ನೀರಿನ ಮಂತ್ರಿ ಘಟಾಂಗನೆಂಬ ಮಾಯಾವಿ. ಸೋಮವಾರ ಸೋಮವಾರ ಅವನು ಬಗ್ಗಿ ನೋಡಿ, "ಮೇಲಿನ ಗೆರೆ ಮುಟ್ಟಿದೆ, ತುಂಬಿದೆ!" ಎನ್ನುವನು. ನಗಾರಿ ಮೊಳಗುವುದು.

ತೊಟ್ಟಿ ಸದಾ ತುಂಬಿದೆ. ಗುಡ್ಡದ ಬುಡದ ತಗ್ಗುಕೇರಿಯ ಕೊಡಗಳು ಸದಾ ಖಾಲಿ. ಅರಮನೆಗೂ ಉಳಿದ ಕೇರಿಗಳಿಗೂ ಬೇರೆ ಬಾವಿಗಳಿದ್ದವು. ಅರಸನಿಗೇನು ಗೊತ್ತು ಗಂಟಲ ಉರಿ?

ಕೇರಿಯವರ ತಲೆ ಕೆಟ್ಟುಹೋಯಿತು. "ನೀರು ಬರ್ತಾ ಇರಬೇಕು ಕಣ್ರವ್ವಾ, ನಮ್ಮ ಕಣ್ಣಿಗೇ ಕಾಣ್ತಿಲ್ಲವೇನೋ!" ಎಂದಳು ಮುದುಕಿ ಸಣ್ಣೀರಿ. ಬರಿಗೊಡ ಬಗ್ಗಿಸಿ ಗುಟುಕರಿಸಿಯೂ ನೋಡಿದಳು.

ಅದೇ ಕೇರಿಯ ಕೆಂಚಯ್ಯ ಸುಮ್ಮನಿರಲಿಲ್ಲ. ಗುಡ್ಡದ ಮೆಟ್ಟಿಲ ಬಳಿ ಅರಸನೆದುರು ನಿಂತು, "ಕೋಲು ಸುಳ್ಳು, ಕೇರಿಗೆ ನೀರಿಲ್ಲ. ನಂಬದಿದ್ದರೆ ನೀವೇ ಬಂದು..." ಎಂದ. ಅಷ್ಟರಲ್ಲಿ ಘಟಾಂಗ ಶಾಪ ಕೊಟ್ಟ: "ಕೋಲಿಗೆ ಎದುರಾಡಿದವರು ಕಲ್ಲಾಗಲಿ!" ಕೆಂಚಯ್ಯ ಅಲ್ಲೇ ಕಲ್ಲಾಗಿ ನಿಂತ. ಬಿಸಿಲಿಗೆ ಅವನ ಪಾದದಿಂದ ಬಿರುಕೊಂದು ಮೇಲೇರತೊಡಗಿತು. ಎದೆ ಮುಟ್ಟಿದರೆ ಮುಗಿಯಿತು.

ಅವನ ಮಗಳು ಮಾಳಿ ಗುಡ್ಡ ಹತ್ತಿದಳು. ಬಗ್ಗಿ ನೋಡಿದಳು. ಕಪ್ಪು ನೀರು ಮೇಲಿನ ಗೆರೆಯಲ್ಲೇ ಇತ್ತು!

"ಕೋಲು ಏನನ್ನುತ್ತದೆ?" ಎಂದು ಘಟಾಂಗ ನಕ್ಕ.

"ತುಂಬಿದೆ ಅನ್ನುತ್ತದೆ."

"ನೀನೇನನ್ನುತ್ತೀಯೇ?"

"ನನಗೆ ತಿಳಿಯುತ್ತಿಲ್ಲ."

ಎದುರಾಡಿದ್ದರೆ ಕಲ್ಲಾಗುತ್ತಿದ್ದಳು. ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ, ಉಳಿದಳು. ಅಪ್ಪನ ಬಿರುಕು ಮೊಣಕಾಲಿಗೆ ಬಂದಿತ್ತು.

ಎರಡನೆಯ ಸಲ ಕಾಲುವೆ ಹಿಡಿದು ಹತ್ತಿದಳು. ಎಲ್ಲೂ ಒಡೆದಿಲ್ಲ, ಎಲ್ಲೂ ಸೋರಿಲ್ಲ, ಎಲ್ಲೂ ಹನಿಯಿಲ್ಲ. ಮೇಲೆ ತೊಟ್ಟಿ ತುಂಬಿಯೇ ಇತ್ತು.

"ನೀನೇನನ್ನುತ್ತೀಯೇ?"

"ಇನ್ನೂ ತಿಳಿಯುತ್ತಿಲ್ಲ."

ಬಿರುಕು ಸೊಂಟ ದಾಟಿತು. ತನ್ನ ಕಣ್ಣೇ ಸುಳ್ಳೋ, ತನ್ನ ಬಾಯಾರಿಕೆಯೇ ಸುಳ್ಳೋ ಎಂದು ಮಾಳಿ ಅತ್ತಳು.

ಆ ಊರಲ್ಲೊಂದು ಕಟ್ಟಳೆಯಿತ್ತು: ತೊಟ್ಟಿಯನ್ನು ನೋಡಬಹುದು, ಮೊಗೆಯಬಾರದು, ಕೇರಿಯ ಕೊಡ ತಾಗಿದರೆ ಮೈಲಿಗೆ! ಥೂ, ಎಂಥ ಕಟ್ಟಳೆ! ಹಾಗಾಗಿ ಎಲ್ಲರೂ ಗೆರೆ ನೋಡಿದರು, ಯಾರೂ ನೀರು ಮೊಗೆಯಲಿಲ್ಲ.

ಮೂರನೆಯ ಸಲ ಮಾಳಿ ಸೆರಗಿನಡಿ ಕೊಡ ಮುಚ್ಚಿಕೊಂಡು ಹೋದಳು. ಅಂದು ಸೋಮವಾರ, ಅರಸನೂ ಬಂದಿದ್ದ. ಎಲ್ಲರೆದುರೇ ಹಗ್ಗ ಬಿಟ್ಟಳು. ಗೇಣು ಇಳಿಯುವಷ್ಟರಲ್ಲಿ ಕೊಡ ಠಣ್ಣೆಂದಿತು.

"ಅಯ್ಯೋ, ನನ್ನ ಬೆನ್ನು!" ಎಂದಿತು ತೊಟ್ಟಿ.

"ಯಾರು ನೀನು?"

"ಆಮೆ ಕಣವ್ವಾ. ಮಂತ್ರಿ ಈ ತೊಟ್ಟಿಗೆ ಬರೋ ಹೊಳೆಯ ನೀರನ್ನು ತನ್ನ ತೋಟಕ್ಕೆ ತಿರುಗಿಸಿಕೊಂಡ. ಇಲ್ಲಿ ನೀರು ಕಡಿಮೆಯಾದಷ್ಟೂ ನನ್ನನ್ನು ಮಂತ್ರ ಹಾಕಿ ಉಬ್ಬಿಸಿದ. ಗೆರೆ ಇಳಿಯಲಿಲ್ಲ. ನನ್ನ ಹೊಟ್ಟೆ ತೂಬನ್ನೇ ಮುಚ್ಚಿಬಿಟ್ಟಿದೆ."

"ಮತ್ತೆ ಎದ್ದು ಬರಬಾರದಿತ್ತೇ?"

"ಯಾರಾದರೂ ಕರೆದರಲ್ಲವೇ ಮಂತ್ರ ಮುರಿಯೋದು! ಎಲ್ಲರೂ ನನ್ನನ್ನು ನೀರೆಂದೇ ಎಣಿಸಿದರು."

"ಹಾಗಾದರೆ ಬಾರಪ್ಪಾ, ಮೇಲೆ ಬಾ!"

ಗುಡ್ಡದಂಥ ಆಮೆ ಎದ್ದು ಬಂತು. ಮೇಲಿನ ಗೆರೆಯಲ್ಲಿದ್ದ ನೀರು ದಡಾರನೆ ಕುಸಿದು ಕೆಳಗಿನ ಗೆರೆಗೆ ನಿಂತಿತು. ಅರಸ ಕಣ್ಣುಜ್ಜಿಕೊಂಡು, "ಇದೇನು ಮಂತ್ರಿ?" ಎಂದ.

ಘಟಾಂಗನ ನಾಲಿಗೆಗೆ ಬೇರೆ ಮಾತು ಅಭ್ಯಾಸವಿರಲಿಲ್ಲ. "ತುಂಬಿದೆ, ಪ್ರಭು!" ಎಂದ.

ಕೋಲಿಗೆ ಎದುರಾಡಿದ! ಅವನ ಶಾಪ ಅವನಿಗೇ ತಟ್ಟಿತು. ತೆರೆದ ಬಾಯಿ ತೆರೆದಂತೆಯೇ ಕಲ್ಲಾದ.

ಆಮೆ ಹೋಗಿ ತೋಟದ ಕಟ್ಟೆಯನ್ನು ಒದ್ದು ಕೆಡವಿತು. ಹೊಳೆ ತೊಟ್ಟಿಗೆ ನುಗ್ಗಿತು, ತುಂಬಿ ಉಕ್ಕಿ ಮೆಟ್ಟಿಲಿಳಿಯಿತು, ಕೆಂಚಯ್ಯನ ಕಾಲು ತೊಳೆಯಿತು. ಎದೆಯ ಅಂಚಿನಲ್ಲಿ ಬಿರುಕು ನಿಂತು ಮುಚ್ಚಿಕೊಂಡಿತು, ಕಲ್ಲು ಮತ್ತೆ ಮೈಯಾಯಿತು.

"...ನೋಡಿ!" ಎಂದು ಅವನು ಮಾತು ಮುಗಿಸಿದ. ಆಮೇಲೆ ಕೆಳಗೆ ಬಗ್ಗಿ, "ಇದೇನೇ ಮಾಳಿ, ಕಾಲೆಲ್ಲ ಒದ್ದೆ?" ಎಂದ.

"ನೀರಪ್ಪಾ!" ಎಂದಳು ಮಾಳಿ.

ಅರಸ ತಲೆತಗ್ಗಿಸಿ ಮೈಲಿಗೆಯ ಕಟ್ಟಳೆಯನ್ನು ಕಿತ್ತೊಗೆದ. ಅಂದಿನಿಂದ ಸೋಮವಾರ ಸೋಮವಾರ ತಗ್ಗುಕೇರಿಯ ಕೊಡವೇ ಮೊದಲು ತೊಟ್ಟಿಗಿಳಿಯುತ್ತಿತ್ತು. ಅದು ತುಂಬಿ ಬಂದರೆ ಮಾತ್ರ ನಗಾರಿ. ಕೇರಿಯವರು ಹೊಟ್ಟೆತುಂಬ ಕುಡಿದು ನೂರ್ಕಾಲ ಬಾಳಿದರು. ಘಟಾಂಗನ ಬಾಯಲ್ಲಿ ಮಳೆನೀರು ನಿಲ್ಲುತ್ತಿತ್ತು, ಕಾಗೆಗಳು ಕುಡಿಯುತ್ತಿದ್ದವು.