ಡಿ ಡ್ರೈವ್ ನುಂಗಿದವರು

"ಯಾರು ಅಂತ ಗೊತ್ತಾಗೋವರೆಗೂ ಈ ಮನೆಯಿಂದ ಒಂದು ಇರುವೆನೂ ಆಚೆ ಹೋಗಲ್ಲ!"

ಚಿತ್ರಗಾರ್ತಿ ಮುಂಬಾಗಿಲಿಗೆ ಒಳಗಿನಿಂದ ಬೀಗ ಜಡಿದಳು. ಮೇಲಿನ ಮಹಡಿಯಿಂದ ಅವಳೇ ಕರೆತಂದಿದ್ದ ಕೊಕ್ಕರೆ ಮಾವ, ಮಾವನ ಬೆನ್ನಿಗೆ ಬಂದ ಅವರ ಭಾವಮೈದುನ ದರ್ಜಿ ಇಬ್ಬರೂ ಒಳಗೇ ಸಿಕ್ಕಿಬಿದ್ದರು. ಯೋಚನೆ ಬಂದರೆ ಒಂಟಿಕಾಲಲ್ಲಿ ನಿಲ್ಲುವ ಮಾವನಿಗೆ ಆ ಹೆಸರು ಅಂಟಿದ್ದು ಹೀಗೆ. ಆ ಕಟ್ಟಡದಲ್ಲಿ ಏನು ಕಳೆದರೂ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ದರ್ಜಿ ಮಾತ್ರ ಬೀಗ ಕಂಡೊಡನೆ ಕಿಟಕಿ ಹುಡುಕಿದ. ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿತ್ತು.

ಕಳೆದದ್ದು, ಸಿ, ಡಿ, ಇ ಎಂದು ಸಾಲಾಗಿ ಮೂರು ಪಾಲಾಗಿದ್ದ ಕಂಪ್ಯೂಟರ್ ಡಿಸ್ಕಿನ ನಡುವಿನ ಪಾಲು, ಡಿ ಡ್ರೈವ್. ಮಕ್ಕಳ ಪುಸ್ತಕಕ್ಕೆಂದು ಅವಳು ವರ್ಷವಿಡೀ ಬರೆದ ಚಿತ್ರಗಳೆಲ್ಲ ಅದರಲ್ಲಿದ್ದವು. ಸಂಜೆ ಪ್ರಕಾಶಕರಿಗೆ ತೋರಿಸದಿದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬರುವಂತಿರಲಿಲ್ಲ.

"ಇವನೇ," ಎಂದು ಅವಳು ಗಂಡನ ಪಕ್ಕದಲ್ಲಿದ್ದ ಅವನ ತಮ್ಮ, ತನ್ನ ಮೈದುನನತ್ತ ಬೆರಳು ಚಾಚಿದಳು. "ಆಟ ಹಾಕ್ಕೊಂಡು ಸಿ ಡ್ರೈವ್ ತುಂಬಿಸಿದ. ಜಾಗ ಸಾಲದೆ ನನ್ನದನ್ನ ನುಂಗಿದ. ನನ್ನ ಬಿಟ್ಟರೆ ಪಾಸ್‌ವರ್ಡ್ ಗೊತ್ತಿರೋದು ಅಣ್ಣ ತಮ್ಮ ಇಬ್ಬರಿಗೇ."

ಮೈದುನ ಅಣ್ಣನ ಮುಖ ನೋಡಿದ. ಗಂಡ ಹೆಂಡತಿಯ ಕೈಗೆ ನೀರಿನ ಲೋಟ ಕೊಟ್ಟು, "ಸಮಾಧಾನ ಮಾಡ್ಕೋ," ಎಂದ.

ಮಾವ ಪರದೆಯ ಮೇಲೆ ಡಿಸ್ಕಿನ ನಕ್ಷೆ ತೆರೆದರು. ಸಿ ಹಿಗ್ಗಿತ್ತು, ಡಿ ಇರಲಿಲ್ಲ. ಗಂಡನ ಸಿನಿಮಾಗಳಿದ್ದ ಇ ಡ್ರೈವ್ ಕುಗ್ಗಿತ್ತು. ಅದರಾಚೆ, ಕಟ್ಟಕಡೆಯಲ್ಲಿ, ಯಾರಿಗೂ ಸೇರದ ತುಂಡು ಜಾಗ ಖಾಲಿ ಬಿದ್ದಿತ್ತು. ಇ ಡ್ರೈವಿನಲ್ಲಿ ಉಳಿದದ್ದು ಮೂರೇ ಸಿನಿಮಾ. ಮೇಜಿನ ಮೇಲಿದ್ದ ಪೆನ್‌ಡ್ರೈವ್ ಚುಚ್ಚಿದರೆ 'ಚಿತ್ರಗಳು' ಎಂಬ ಗುರುತು ಕಂಡಿತು, ಮೂಲೆಯಲ್ಲಿ ಸಣ್ಣ ಬಾಗಿದ ಬಾಣ. ಒತ್ತಿದರೆ ಏನೂ ತೆರೆಯಲಿಲ್ಲ.

ಮಾವನ ಒಂದು ಕಾಲು ಮೇಲೇರಿತು. ದರ್ಜಿಗೆ ಜೀವ ಬಂತು.

"ಈ ಮೂರು ಸಿನಿಮಾದಲ್ಲಿ ಯಾವುದು ಚೆನ್ನಾಗಿದೆಯಪ್ಪಾ?" ಎಂದು ಅವರು ಗಂಡನನ್ನು ಕೇಳಿದರು.

"ಯಾವುದನ್ನೂ ಇನ್ನೂ ನೋಡಿಲ್ಲ."

"ಅಳಿಸಿಹೋದವು?"

"ಅವೆಲ್ಲ ನೋಡಿದ್ದೆ," ಎಂದವನು ಅಲ್ಲಿಗೇ ನಿಂತ.

ಮಾವ ಕಂಪ್ಯೂಟರ್ ಆಫ್ ಮಾಡಿ, ಎಲ್ಲರನ್ನೂ ಹತ್ತಿರ ಕೂರಿಸಿದರು.

"ಕೇಡು ಬಯಸೋನು ಡಿ ಅಳಿಸಿ ಸುಮ್ಮನಾಗ್ತಿದ್ದ. ಇದನ್ನ ಮಾಡಿದವನಿಗೆ ಬೇಕಾಗಿದ್ದು ಸಿ ಡ್ರೈವಿಗೆ ಜಾಗ. ಮೊದಲು ಇ ಡ್ರೈವ್ ಖಾಲಿ ಮಾಡಿ ಕುಗ್ಗಿಸಿದ. ಆದರೆ ಪಕ್ಕದಲ್ಲೇ ಅಂಟಿಕೊಂಡಿರೋ ಜಾಗ ಮಾತ್ರ ಸಿ ಡ್ರೈವಿಗೆ ಸೇರತ್ತೆ. ನಡುವೆ ಡಿ ಅಡ್ಡ ಇತ್ತು. ಅದಕ್ಕೇ ಆ ತುಂಡು ಕೊನೇಲಿ ಅನಾಥವಾಗಿದೆ."

"ತೋಳಿಗೆ ಬೇಕಾದ ಬಟ್ಟೇನ ಪಾದದ ಹತ್ರ ಕತ್ತರಿಸಿದ ಹಾಗೆ," ಎಂದ ದರ್ಜಿ.

"ಹೂಂ. ಆಮೇಲೆ ಡಿ ಡ್ರೈವಿಗೆ ಕೈ ಹಾಕಿದ. ಪಾಪ, ಚಿತ್ರಗಳನ್ನ ಪೆನ್‌ಡ್ರೈವಿಗೆ ಹಾಕ್ಕೊಂಡೇ ಅಳಿಸಿದೆ ಅಂದುಕೊಂಡ. ಹಾಕಿಕೊಂಡದ್ದು ಬರೀ ಶಾರ್ಟ್‌ಕಟ್. ಮನೆಯ ವಿಳಾಸ ಎತ್ತಿಟ್ಟು ಮನೆ ಕೆಡವಿದ! ಇನ್ನು, ನೋಡಿದ್ದು ಯಾವುದು, ನೋಡದ್ದು ಯಾವುದು ಅಂತ ಗೊತ್ತಿದ್ದು ಸಿನಿಮಾ ಅಳಿಸೋಕೆ ಅವುಗಳ ಒಡೆಯನಿಗೆ ಮಾತ್ರ ಸಾಧ್ಯ."

ಗಂಡನ ಮುಖ ಇಂಗು ತಿಂದ ಮಂಗನಂತಾಯಿತು. "ಜಾಗ ಇಲ್ಲ, ಕಂಪ್ಯೂಟರ್ ತೆವಳತ್ತೆ ಅಂತ ದಿನಾ ಒದ್ದಾಡ್ತಿದ್ದಳು. ಸರಿ ಮಾಡೋಣ ಅಂತ..."

"ಚಿತ್ರಗಳು?" ಎಂದಳು ಚಿತ್ರಗಾರ್ತಿ.

"ಅಳಿದದ್ದು ಗಡಿ ಕಣಮ್ಮಾ, ಒಳಗಿನದೆಲ್ಲ ಅಲ್ಲ. ಮೇಲೆ ಹೊಸದು ಬರೆಯದಿದ್ದರೆ ಬಹುಪಾಲು ಸಿಗತ್ತೆ. ಡಿಸ್ಕ್ ಬಿಚ್ಚಿ ನನ್ನ ಕಂಪ್ಯೂಟರಿಗೆ ಹಾಕಿ ಹುಡುಕೋಣ. ಪ್ರಕಾಶಕರಿಗೆ ಸಿಕ್ಕಷ್ಟು ತೋರಿಸು."

ಅವಳು ಗಂಡನತ್ತ ತಿರುಗಿದಳು. "ಚಿತ್ರ ಹೋದರೆ ಮತ್ತೆ ಬರೀತಿದ್ದೆ. ಬೆಳಗಿಂದ ನಿಮ್ಮ ತಮ್ಮನ್ನ ಬಾಯಿಗೆ ಬಂದ ಹಾಗೆ ಬೈದೆ. ನೀವು ಪಕ್ಕದಲ್ಲೇ ನಿಂತು ನೀರು ಕೊಟ್ರಿ!"

ದರ್ಜಿಗೆ ಆ ಗಂಡಸನ್ನು ನೋಡಲಾಗಲಿಲ್ಲ. ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

ಆಗ ಮೈದುನ ಮೊದಲ ಬಾರಿ ಬಾಯಿ ತೆರೆದ.

"ಪಾಸ್‌ವರ್ಡ್ ಗೊತ್ತಿದ್ದದ್ದು ನಮ್ಮಿಬ್ಬರಿಗೆ, ಅಣ್ಣಾ. ನಾನಂತೂ ಮಾಡಿರಲಿಲ್ಲ. ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ."