ಕಿಟಕಿ ಪಕ್ಕದ ಖಾಲಿ ಬಾಕ್ಸು

ನಾವುಂದದಲ್ಲಿ ಸುಧೀರ ಕಟ್ಟಿಸುತ್ತಿದ್ದ ಹೊಸ ಮನೆ ನೋಡಲು ಬಂದ ಹರಿಣಾಕ್ಷಿ, ಉಳಿದದ್ದೆಲ್ಲ ಬಿಟ್ಟು ಕಿಟಕಿ ಪಕ್ಕದ ಖಾಲಿ ಸ್ವಿಚ್ ಬಾಕ್ಸುಗಳನ್ನೇ ನೋಡುತ್ತ ನಿಂತಳು. ಮುಂಬೈಯ ಬ್ಯಾಂಕೊಂದರ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ನೋಡಿಕೊಳ್ಳುವವಳು, ರಜೆಗೆ ಊರಿಗೆ ಬಂದಿದ್ದಳು. ಮೀನಿನ ವ್ಯಾಪಾರದ ಸುಧೀರನಿಗೆ ಶಾಲೆಯ ದಿನಗಳಿಂದಲೂ ಅವಳೆಂದರೆ ಜೀವ. ಹೇಳಲು ಮಾತ್ರ ಬಾಯಿ ಬಂದಿರಲಿಲ್ಲ.

“ಹ್ವಾಯ್, ಈ ಮೂಲೆಗ್ ಇಷ್ಟೆಲ್ಲ ಎಂತಕ್ಕ್? ಬಂಗುಡೆ ಮೀನಿಗೆ ಕರೆಂಟ್ ಕೊಡ್ತ್ಯಾ?” ಹುಬ್ಬು ಹಾರಿಸಿದಳು. “ಚಂದ್ರಕ್ಕ ಇಲ್ಲೇ ಕಪಾಟ್ ಇಡ್ಕ್ ಅಂತಿದ್ರ್.”

ಸುಧೀರನ ಕಿವಿ ಬಿಸಿಯಾಯಿತು. “ಅಮ್ಮ ಹೇಳ್ತ್ರ್. ನಾ ಬಿಡ್ಲಿಲ್ಲ. ಮುಂದೆ ಬೇಕಾತ್ತ್ ಅಂದೇಳಿ ಇಟ್ಟದ್. ನಾಳೆ ಗಾರೆಯವ್ರ್ ಬತ್ರ್. ಬೇಡ ಅಂದ್ರೆ ಮುಚ್ಚುದೇ.”

“ನಮ್ಮ ಮಿಷಿನ್ನೂ ಹಿಂಗೇ,” ಎಂದಳು. “ಹೆಚ್ಚಂದ್ರೆ ಎಷ್ಟ್ ಡಿವೈಸ್ ಸೇರಿಸ್ತ್ರಿ ಅಂದೇಳಿ ಮೊದ್ಲೇ ಹೇಳ್ಕ್. ಅಷ್ಟಕ್ಕೂ ಮೆಮೊರಿ ತೆಗ್ದಿಡತ್ತ್. ಡಿವೈಸ್ ಬರ್ದಿರೂ ಆ ಜಾಗ ಬೇರೆಯವ್ರಿಗೆ ಸಿಕ್ಕುದಿಲ್ಲ.”

“ಕಮ್ಮಿ ಹೇಳಿರೆ ಆಯ್ತಲೆ.”

“ಆಮೇಲ್ ಒಂದ್ ಹೆಚ್ಚ್ ಬಂದ್ರೆ? ಇಡೀ ಮಿಷಿನ್ ನಿಲ್ಸಿ ಮೊದ್ಲಿಂದ ಸುರು ಮಾಡ್ಕ್.”

ತಾನು ಮಾಡಿದ್ದೂ ಅದೇ ಅಲ್ಲವೇ ಎನಿಸಿತು ಸುಧೀರನಿಗೆ. ಬರುತ್ತಾಳೋ ಇಲ್ಲವೋ ಗೊತ್ತಿಲ್ಲದವಳಿಗೆ ಮನಸ್ಸಿನ ಮುಕ್ಕಾಲು ಪಾಲು ತೆಗೆದಿಟ್ಟು, ಶಿರೂರಿನಿಂದ ಬಂದ ಒಳ್ಳೆಯ ಸಂಬಂಧವನ್ನು ಬೇಡವೆಂದಿದ್ದ. ಅಮ್ಮ ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದರು.

“ಬಾರದ್ದಕ್ಕೆ ಜಾಗ ಇಟ್ರೆ ದಂಡ ಅಲ್ದಾ?”

“ನಮ್ಮ ಸಾಹೇಬ್ರೂ ಹಂಗೇ ಬೈತ್ರ್. ಬಪ್ಪುದ್ ಖಂಡಿತ ಇದ್ರೆ ಇಡ್ಕ್. ಇಲ್ದಿರೆ ದಂಡವೇ.”

ಸುಧೀರ ಬಾಕ್ಸಿನ ಬಳಿ ಬಂದು ನಿಂತ. ಇನ್ನು ಕಾದರೆ ಗಾರೆಯೇ ಉತ್ತರ ಹೇಳುತ್ತದೆ.

“ಹರಿಣಾ, ಇದ್ ನಿನ್ನ ಕಂಪ್ಯೂಟರ್ ಮೇಜಿಗೆ. ನಿಂಗೇ ಅಂದೇಳಿ ಇಡ್ಸಿದ್. ನೀ ಈ ಮನೆಗ್ ಬಪ್ಪುದಿಲ್ಲ ಅಂದ್ರೆ ಈಗ್ಲೇ ಹೇಳ್. ನಾಳೆ ಮುಚ್ಚುಸ್ತೆ.”

ಅವಳು ಬಾಕ್ಸಿನೊಳಗೆ ಬಿದ್ದಿದ್ದ ಸಿಮೆಂಟಿನ ಚೂರನ್ನು ಬೆರಳಿನಿಂದ ಹೆಕ್ಕಿ ತೆಗೆದಳು. ಆಮೇಲೆ ಅವನನ್ನು ನೋಡದೆಯೇ ಹೇಳಿದಳು:

“ಕುಂದಾಪ್ರ ಬ್ರಾಂಚಿಗೆ ವರ್ಗ ಕೇಂಡಿದ್ದೆ. ಹೋದ್ವಾರ ಆರ್ಡರ್ ಬಂತ್. ನೀ ಬಾಯಿ ಬಿಡ್ತ್ಯಾ ಇಲ್ಯಾ ಅಂದೇಳಿ ಕಾಂತಿದ್ದೆ.”

ಬಾಗಿಲವರೆಗೆ ಹೋದವಳು ನಿಂತು ತಿರುಗಿದಳು. ಕಣ್ಣಲ್ಲಿ ಮತ್ತೆ ಆ ತುಂಟತನ.

“ಗಾರೆಯವ್ರಿಗೆ ಮುಚ್ಚುದ್ ಬೇಡ ಅನ್ನ್. ಮತ್ತೆ ಆ ಬದಿಗ್ ಒಂಚೂರ್ ಜಾಗ ಬಿಡ್. ಅತ್ತೆ ಕಪಾಟಿಗೆ.”

ಇಲ್ಲಿಯವರೆಗೆ ಅವಳು ಅವನ ಅಮ್ಮನನ್ನು ಚಂದ್ರಕ್ಕ ಎಂದೇ ಕರೆಯುತ್ತಿದ್ದಳು.